ಬಾಯಮ್ಮ ಹಾಡಿಸಿದ ಇಂಗ್ಲಿಷ್ ಪದ್ಯ

ಮೊನ್ನೆ ಮೊಮ್ಮಗಳ ಮೈ ತುರಿಕೆಗೆ ಗುಲಾಬಿ ಬಣ್ಣದ ಲೋಷನ್ ಹಚ್ಚುತ್ತಿದ್ದೆ. ಸುಣ್ಣದಂಥ ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾವು ಗಲ್ಫಿನಲ್ಲಿದ್ದಾಗಿನ, ಹಮ್ರಿಯಾದ ಬಾಯಮ್ಮ ನೆನಪಾದರು. ಮರೆತಿದ್ದೇನೆ ಅಂದುಕೊಂಡಿದ್ದೆ...

ಎಂಬತ್ತರ ದಶಕದ ಕೊನೆ. ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿದ್ದ ಮಂಗಳೂರಿನ ಹೆಂಗಸು ಅವರು. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎಂದೇ ಕರೆಯುವುದು. ಗಂಡನಿಗೆ ಬರ್ಕಾದಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಿದ್ದರು. ಮಕ್ಕಳಿರಲಿಲ್ಲ. ಕೆಲಸಕ್ಕೆ ಹೋಗುವ ತಾಯಂದಿರು ಅವರಲ್ಲಿ ಬಿಟ್ಟುಹೋಗುವ ಮಕ್ಕಳೇ ಅವರ ಸರ್ವಸ್ವ; ನನ್ನ ಮಗಳೂ ಅವರಲ್ಲೊಬ್ಬಳು. ದಿನವೂ ಮಕ್ಕಳು ಕೈಕೈ ಹಿಡಿದು ಸುತ್ತುತ್ತ ಗುಲಾಬಿ ಹೂವಿನ ಒಂದು ಇಂಗ್ಲಿಷ್ ಪದ್ಯ ಹಾಡಿ, ಸೀನಿದಂತೆ ನಟಿಸಿ ಧೊಪ್ಪನೆ ಬೀಳಬೇಕು. ಬಾಯಮ್ಮನೂ ಬೀಳುತ್ತಿದ್ದರು. ಆಮೇಲೆ ಅವರನ್ನು ಎಬ್ಬಿಸುವುದೇ ಒಂದು ಆಟ.

ಅಲ್ ಖುವೈರ್‌ನ ನಮ್ಮ ಆಫೀಸಿನಲ್ಲಿ ಬಿದ್ದಿದ್ದ ಹಳೆಯ ಪತ್ರಿಕೆಯೊಂದರಲ್ಲಿ ನಾನು ಓದಿದೆ: ಆ ಪದ್ಯ ಲಂಡನ್ನಿನ ಪ್ಲೇಗಿನದು, ಸೀನು ರೋಗದ ಲಕ್ಷಣ, ಬೀಳುವುದೆಂದರೆ ಸಾವು. ಓದಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಜನ ನಾನಲ್ಲ. ಶುಕ್ರವಾರದ ಭಜನೆ ಮುಗಿದು ಅವಲಕ್ಕಿ ತಿನ್ನುವಾಗ ದೊಡ್ಡ ಪಂಡಿತನಂತೆ ಎಲ್ಲರಿಗೂ ವಿವರಿಸಿದೆ. ಅದೇ ವಾರ ಕಟ್ಟಡಕ್ಕೆ ಚಿಕನ್ ಪಾಕ್ಸ್ ಬಂತು. ಮೊದಲು ತಗಲಿದ್ದು ಬಾಯಮ್ಮನ ಮನೆಗೆ ಹೋಗುವ ಮಕ್ಕಳಿಗೇ.

“ಮಾರಿಯ ಪದ್ಯ ಅಂತೆ ಅದು! ದಿನಾ ಹಾಡಿಸಿದ್ರೆ ಇನ್ನೇನಾಗ್ತದೆ?” ಎಂದರು ಕೆಳಗಿನ ಮನೆಯಾಕೆ. ಇದೇ ಗುಲಾಬಿ ಲೋಷನ್ ಹಚ್ಚಿ ಗುಳ್ಳೆ ಒಣಗಿದ ಮೇಲೂ ಯಾರೂ ಮಕ್ಕಳನ್ನು ಕಳಿಸಲಿಲ್ಲ. ನಾವೂ ಕಳಿಸಲಿಲ್ಲ.

ಒಂದು ಸಂಜೆ ಬಾಯಮ್ಮ ನಮ್ಮ ಬಾಗಿಲಿಗೆ ಬಂದರು.

“ಹಾಡು ಬೇಡಾದ್ರೆ ಬಿಡುವ ಮಾರಾಯ್ರೆ. ಮಕ್ಕಳನ್ನು ಕಳಿಸ್ಲಿಕ್ಕೆ ಹೇಳಿ. ನೀವು ಹೇಳಿದ್ರೆ ಕೇಳ್ತಾರೆ.”

ನೋಡೋಣ ಎಂದೆ. ಓದಿದ್ದು ನಿಜವೋ ಸುಳ್ಳೋ ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆ. ಮಕ್ಕಳನ್ನು ಕಳಿಸಿ ಎಂದು ಯಾರಿಗೂ ಹೇಳಲಿಲ್ಲ. ಮರುವರ್ಷ ರಜೆಗೆ ಊರಿಗೆ ಹೋದ ಬಾಯಮ್ಮ ತಿರುಗಿ ಬರಲಿಲ್ಲ. ತೊಂಬತ್ತರ ದಶಕದಲ್ಲಿ ಯಾರೋ ಹೇಳಿದರು, ತೀರಿಕೊಂಡರಂತೆ...

ಪ್ಲೇಗಿನ ಕಥೆಗೆ ಆಧಾರವೇ ಇಲ್ಲವೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಆ ರೋಗ ಹೋಗಿ ನೂರಾರು ವರ್ಷಗಳ ನಂತರ ಪದ್ಯ ಅಚ್ಚಾದದ್ದಂತೆ. ರೋಗದ ಅರ್ಥವನ್ನು ಅದಕ್ಕೂ ಎಷ್ಟೋ ಕಾಲದ ಮೇಲೆ ಯಾರೋ ಅಂಟಿಸಿದರಂತೆ. ಬರೀ ಮಕ್ಕಳಾಟ. ತಪ್ಪಾಯಿತು ಎನ್ನಲು ಈಗ ಬಾಯಮ್ಮನಿಲ್ಲ, ಈ ಭಾರ ಹೊತ್ತು ನನಗೂ ಸಾಕಾಗಿದೆ.

ಮೊನ್ನೆ ಇದನ್ನೆಲ್ಲ ಮಗಳಿಗೆ ಹೇಳಿದೆ.

“ನಿಮಗೆ ಗೊತ್ತಿಲ್ಲ ಪಪ್ಪಾ, ನೀವು ಕಳಿಸುವುದು ನಿಲ್ಲಿಸಿದ ಮೇಲೆ ಒಂದು ದಿನ ನಾನು ಕದ್ದು ಬಾಯಮ್ಮನ ಮನೆಗೆ ಹೋಗಿದ್ದೆ. ನಾವಿಬ್ಬರೇ ಕೈ ಹಿಡ್ಕೊಂಡು ಸುತ್ತಿದ್ದೆವು. ಬಾಯಮ್ಮ ಹಾಡ್ಲಿಲ್ಲ.”