ಅಮೇಲಿಯಾ ಆಂಟಿ ತಂದ ಮೊದಲ ಕಂತು

ಮಾರ್ಚ್ ತಿಂಗಳ ಒಂದು ಶನಿವಾರ, ಮಧ್ಯಾಹ್ನ ಮೂರು ಗಂಟೆ. ಇಂಗ್ಲೆಂಡಿನ ಎಜ್‌ಬಾಸ್ಟನ್ನಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇದ್ದವರು ಅಮ್ಮ, ಹತ್ತು ವರ್ಷದ ನಾನು, ಪಕ್ಕದ ಮನೆಯ ಅಮೇಲಿಯಾ ಆಂಟಿ. ಅಪ್ಪ ಆಸ್ಪತ್ರೆಯ ಕೆಲಸಕ್ಕೆ ಹೋಗಿದ್ದರು; ಆ ವಾರದ ಪಾಳಿ ಪಟ್ಟಿಯಲ್ಲಿ ಅವರಿಗೆ ಶನಿವಾರವೂ ಬಿದ್ದಿತ್ತು.

ಆಗೆಲ್ಲ ವಿಡಿಯೊ ಪ್ಲೇಯರನ್ನು ಅಂಗಡಿಯಿಂದ ಬಾಡಿಗೆಗೆ ತರುತ್ತಿದ್ದ ಕಾಲ. ತಂದ ದಿನ ಮನೆಗೆ ನೆಂಟರು ಬಂದಷ್ಟು ಸಡಗರ. ಅಪ್ಪ ಹೊರಡುವ ಮುಂಚೆ ವೈರುಗಳನ್ನೆಲ್ಲ ಜೋಡಿಸಿ ನನಗೊಂದು ಕೆಲಸ ಒಪ್ಪಿಸಿದ್ದರು: ನೋಡಿ ಮುಗಿದ ಮೇಲೆ ಕ್ಯಾಸೆಟ್ಟನ್ನು ಪೂರ್ತಿ ಹಿಂದಕ್ಕೆ ಸುತ್ತಿ, ಡಬ್ಬಿಗೆ ಹಾಕಿಯೇ ಏಳಬೇಕು. ನಮ್ಮ ಮನೆಯಲ್ಲಿ ಆಟಕ್ಕೂ ಹೀಗೊಂದು ಕ್ರಮವಿತ್ತು.

ಕ್ಯಾಸೆಟ್ ಆಂಟಿಯದು. ಪೋರ್ಚುಗಲ್ಲಿನಿಂದ ಅವರ ತಮ್ಮ ಕಳಿಸಿದ್ದು. ಅವರ ಕಡೆಯ ಯಾವುದೋ ಹಳೆಯ ಕಪ್ಪು-ಬಿಳುಪು ಧಾರಾವಾಹಿಯ ಮೊದಲ ಕಂತು. ಜೊತೆಗೆ ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿದ ಅನ್ನದ ಸಿಹಿಯನ್ನೂ ತಂದಿದ್ದರು. ಕೋಣೆಯೆಲ್ಲ ಅದರದೇ ಘಮ.

“ನಮ್ಮ ಪಾಯಸಾನೇ ಕಣೇ ಶೈಲೂ, ಗಟ್ಟಿ ಆಗಿದೆ ಅಷ್ಟೇ,” ಎಂದಳು ಅಮ್ಮ, ಚಮಚ ನೆಕ್ಕುತ್ತ.

ಅಮ್ಮ ಮೈಸೂರಿನಿಂದ ಬಂದು ವರ್ಷವಾಗಿರಲಿಲ್ಲ. ಇಂಗ್ಲಿಷ್ ಬಾರದು, ಬಸ್ ಹತ್ತಲು ಭಯ. ಇಡೀ ಊರಿನಲ್ಲಿ ಅವಳಿಗಿದ್ದದ್ದು ಆಂಟಿಯ ಸ್ನೇಹವೊಂದೇ. ಇಬ್ಬರೂ ಕೈಯಲ್ಲೇ ಮಾತಾಡಿಕೊಂಡು ಗಂಟೆಗಟ್ಟಲೆ ನಗುತ್ತಿದ್ದರು. ಆಂಟಿ ಹೊರಟಾಗಲೆಲ್ಲ ಅಮ್ಮ, ಊರಿನಲ್ಲಿ ಮುತ್ತೈದೆಯರಿಗೆ ಕೊಡುವಂತೆಯೇ, ಕುಂಕುಮ ಕೊಡುತ್ತಿದ್ದಳು. ಆಂಟಿ ಕಣ್ಣು ಮುಚ್ಚಿ ಹಣೆ ಚಾಚುವರು. ಅದನ್ನು ಅಳಿಸದೆ ಬಸ್‌ಸ್ಟಾಪಿಗೂ ಹೋಗುವರು. ಅವರು ಯಾವಾಗಲೂ ಕಪ್ಪು ಲಂಗ, ಕಪ್ಪು ಸ್ವೆಟರ್ ತೊಡುವುದನ್ನು ಅಮ್ಮ ಗಮನಿಸದೇ ಇರಲಿಲ್ಲ. “ಕೊಳೆ ಕಾಣಲ್ಲ ನೋಡು, ಬುದ್ಧಿವಂತೆ,” ಎಂದು ತೀರ್ಮಾನಿಸಿಬಿಟ್ಟಿದ್ದಳು.

ಪರದೆಯ ಮೇಲೆ ಒಂದು ಮೀನುಗಾರರ ಹಳ್ಳಿ. ಹೂವಿನ ಚಿತ್ತಾರದ ಲಂಗ ತೊಟ್ಟ ಎಳೆಯ ಹೆಂಡತಿ, ದೋಣಿ ಏರುವ ಗಂಡ. ನಮಗೆ ಒಂದಕ್ಷರ ತಿಳಿಯದು. ಆದರೂ ಅಮ್ಮ ಬಾಯಿ ಮುಚ್ಚಲಿಲ್ಲ. “ಅತ್ತೆ ಬಂದ್ಲು ನೋಡು. ಆ ಮುಖ ನೋಡಿದ್ರೆ ಗೊತ್ತಾಗಲ್ವಾ, ಸೊಸೆಗೆ ಊಟಾನೇ ಹಾಕಿಲ್ಲ!” ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದರೆ ಆಂಟಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೊನೆಗೆ ಬಿರುಗಾಳಿ. ದೋಣಿ ಮರಳಲಿಲ್ಲ. ನೆರೆಯ ಹೆಂಗಸರು ಮಡಿಸಿದ ಬಟ್ಟೆ ಹಿಡಿದು ಬಂದರು. ಹೂವಿನ ಲಂಗ ಕಳಚಿ ಆ ಹುಡುಗಿ ಕಪ್ಪು ಉಟ್ಟಳು. ಅಲ್ಲಿಗೆ ಕಂತು ಮುಗಿಯಿತು.

ಆಂಟಿ ಪರದೆ ತೋರಿಸಿ, ತಮ್ಮ ಸ್ವೆಟರಿನ ಮೇಲೆ ಕೈಯಿಟ್ಟು, “ಮೀ ಆಲ್ಸೊ,” ಎಂದರು. ಅಷ್ಟೇ.

ಅನುವಾದಕ್ಕೆ ಅಮ್ಮ ನನ್ನತ್ತ ನೋಡಲಿಲ್ಲ. ಅವಳ ಮುಖ ಇಳಿಯಿತು. ಮೈಸೂರಿನಲ್ಲಿ ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ಗಂಡನನ್ನು ಕಳೆದುಕೊಂಡವಳು. ಕುಂಕುಮದ ತಟ್ಟೆ ಹೊರಬಂದ ಕೂಡಲೇ ಅವಳು ತಾನಾಗಿ ಎದ್ದು ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ಇನ್ನು ಆಂಟಿಗೂ ಅದೇ ಗತಿಯೇ? ಆಂಟಿ ಬೇಸರಪಟ್ಟು ಬರುವುದನ್ನು ಬಿಟ್ಟರೆ ಅಮ್ಮ ಯಾರೊಡನೆ ನಕ್ಕಾಳು?

ಆಂಟಿ ಎದ್ದರು. ಎಂದಿನಂತೆ ಕಣ್ಣು ಮುಚ್ಚಿ ಹಣೆ ಚಾಚಿದರು. ಅಮ್ಮ ಒಳಗೆ ಹೋದಳು. ನಲ್ಲಿ ಬಿಟ್ಟ ಸದ್ದು, ನಿಲ್ಲಿಸಿದ ಸದ್ದು. ಕಣ್ಣು ಮುಚ್ಚಿ ನಿಂತೇ ಇದ್ದ ಆಂಟಿಯನ್ನು ನೋಡಲಾರದೆ ನಾನು ಪ್ಲೇಯರಿನ ಗುಂಡಿಗಳನ್ನು ನೋಡುತ್ತ ಕುಳಿತೆ.

ಅಮ್ಮ ಬಂದಳು. ಮುಖ ತೊಳೆದುಕೊಂಡಿದ್ದಳು. ಕೈಯಲ್ಲಿ ಕುಂಕುಮದ ಭರಣಿ. ಎಂದಿಗಿಂತ ದೊಡ್ಡದಾಗಿ, ದುಂಡಗೆ, ಆಂಟಿಯ ಹಣೆಗೆ ಇಟ್ಟಳು. ಆಂಟಿ ಕಣ್ಣು ತೆರೆದು, ನಕ್ಕು, ಹೊರಟರು.

ಬಾಗಿಲು ಹಾಕಿದ ಮೇಲೆ ಕೇಳಿದೆ: “ಮತ್ತೆ ದೊಡ್ಡಮ್ಮಂಗೆ?”

“ರಜಕ್ಕೆ ಊರಿಗೆ ಹೋಗ್ತೀವಲ್ಲ, ಮೊದಲು ಅವಳಿಗೇ ಇಡ್ತೀನಿ. ಯಾರು ಏನಂತಾರೋ ಅನ್ನಲಿ,” ಎಂದಳು. ಹಾಗೆಯೇ ಇಟ್ಟಳು ಕೂಡ.

ಆ ಧಾರಾವಾಹಿಯ ಎರಡನೆಯ ಕಂತು ನಮ್ಮ ಕೈಗೆ ಬರಲೇ ಇಲ್ಲ. ಮೊನ್ನೆ ಮೊಮ್ಮಗಳು ಫೋನಿನಲ್ಲಿ ಇಡೀ ಸರಣಿಯನ್ನೇ ಹುಡುಕಿಕೊಟ್ಟಳು. ಕೆಳಗೆ ಇಂಗ್ಲಿಷ್ ಅಕ್ಷರಗಳೂ ಇದ್ದವು. ಆ ಮುದುಕಿ ಅತ್ತೆಯಲ್ಲವಂತೆ, ಹುಡುಗಿಯ ಹೆತ್ತ ತಾಯಿಯಂತೆ! “ಅಜ್ಜಿ, ನೆಕ್ಸ್ಟ್ ಒನ್ ಪ್ಲೇ ಮಾಡ್ಲಾ?” ಎಂದಳು. ಬೇಡ ಎಂದೆ. ಈಗ ಎಲ್ಲ ಕಂತುಗಳೂ ಇವೆ, ಅರ್ಥವೂ ಇದೆ. ಪಕ್ಕದಲ್ಲಿ ಕುಳಿತು ತಪ್ಪುತಪ್ಪಾಗಿ ಕಥೆ ಹೇಳುವವಳಿಲ್ಲ, ಅದನ್ನು ಕೇಳಿ ನಗುವವರೂ ಇಲ್ಲ.

ಆ ಶನಿವಾರ ಅಮ್ಮ ಬಟ್ಟಲು ತೊಳೆದಿಟ್ಟಳು. ನಾನು ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿದೆ. ಪರದೆಯಲ್ಲಿ ಕಪ್ಪು ಬಟ್ಟೆ ಕಳಚಿ ಹೂವಿನ ಲಂಗ ಬಂತು, ಬಿರುಗಾಳಿ ಅಡಗಿತು, ದೋಣಿ ದಡಕ್ಕೆ ಬಂತು. ಟಕ್ ಎಂದು ಸುತ್ತು ನಿಂತಿತು. ಕ್ಯಾಸೆಟ್ಟನ್ನು ಡಬ್ಬಿಗೆ ಹಾಕಿ ಎದ್ದೆ.