ಪೂಜೆಗೆ ಕೂತ ಹುಕ್ ಸ್ಪ್ಯಾನರ್

ಕೊರೊನಾ ಕಾಲ ಕಳೆದು ಗ್ಯಾರೇಜುಗಳಿಗೆ ಮತ್ತೆ ಜೀವ ಬಂದ ವರ್ಷ ಅದು. ಕತ್ರಿಗುಪ್ಪೆಯಿಂದ ಹೊಸಕೆರೆಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಶೆಡ್ ಇತ್ತು. ಎಂಜಿನ್ ಮುಟ್ಟುತ್ತಿರಲಿಲ್ಲ, ಡೆಂಟಿಂಗ್ ಪೇಂಟಿಂಗ್ ಮಾಡುತ್ತಿರಲಿಲ್ಲ. ಸಸ್ಪೆನ್ಷನ್ ಒಂದೇ ನನ್ನ ಕಸುಬು. ಚಕ್ರಕ್ಕೂ ಬಾಡಿಗೂ ನಡುವೆ ಇರುವ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್, ಬುಷ್ಷುಗಳ ಲೋಕ ಅದು. ಬೆಂಗಳೂರಿನ ರಸ್ತೆಗಳ ದಯೆಯಿಂದ ನನಗೆ ಒಂದು ದಿನವೂ ಕೆಲಸವಿಲ್ಲ ಎಂದಾಗಲಿಲ್ಲ.

ಸ್ಪ್ರಿಂಗ್ ಕತ್ತರಿಸಿದ ಕಾರುಗಳನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ. ಕಾರು ನೆಲಕ್ಕೆ ಅಂಟಿಕೊಂಡಂತೆ ಕಂಡರೆ ಚೆಂದ ಎಂದು ನಮ್ಮ ಕಡೆಯ ಹುಡುಗರು ಗ್ರೈಂಡರ್ ಹಿಡಿದು ಸ್ಪ್ರಿಂಗಿನ ಒಂದೂವರೆ ಸುತ್ತು ಹಾರಿಸಿಬಿಡುತ್ತಾರೆ. ಕಾರು ಇಳಿಯುತ್ತದೆ, ನಿಜ. ಆದರೆ ಚಕ್ರ ಮೇಲೆ ಕೆಳಗೆ ಆಡಲು ಜಾಗವೇ ಉಳಿಯುವುದಿಲ್ಲ. ಶಾಕ್ ಅಬ್ಸಾರ್ಬರಿನ ತುದಿಯಲ್ಲಿ ಬಂಪ್ ಸ್ಟಾಪ್ ಎಂಬ ರಬ್ಬರ್ ತುಂಡಿರುತ್ತದೆ. ಪ್ರತಿ ರೋಡ್ ಹಂಪಿನಲ್ಲೂ ಚಕ್ರ ಅದಕ್ಕೇ ಹೋಗಿ ಗುದ್ದುತ್ತದೆ, ಆ ಗುದ್ದು ನೇರ ಕೂತವರ ಬೆನ್ನಿಗೆ ಬರುತ್ತದೆ.

ಕಿರಣ ಎಂಬ ಯುವಕ ಅಂಥದ್ದೇ ಒಂದು ಬಿಳಿ ಸೆಡಾನ್ ತಂದ. ಬನಶಂಕರಿಯಲ್ಲಿ ಪ್ಲೈವುಡ್ ಅಂಗಡಿ ಇಟ್ಟುಕೊಂಡಿದ್ದ, ಮಾತಿನಲ್ಲಿ ಚುರುಕು. ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಳ್ಳುವಾಗಲೇ ಸ್ಪ್ರಿಂಗ್ ಕತ್ತರಿಸಿಯಾಗಿತ್ತಂತೆ. ಜೊತೆಗೆ ಅವನ ತಂದೆ ಮುನಿರಾಜಪ್ಪನವರೂ ಬಂದಿದ್ದರು. ಹೊಸಕೆರೆಹಳ್ಳಿಯ ಹಳೇ ಮನೆತನ, ಹೊಲವೆಲ್ಲ ಸೈಟಾಗಿ, ಸೈಟಿನ ಮೇಲೆ ಬಾಡಿಗೆ ಮನೆಗಳೆದ್ದು, ಈಗ ಯಜಮಾನರು ಬಿಳಿ ಪಂಚೆಯಲ್ಲಿ ಓಡಾಡಿಕೊಂಡಿದ್ದರು. ಅವರು ಕಾರಿನ ಕಡೆ ಕಣ್ಣೆತ್ತಿಯೂ ನೋಡದೆ ನನ್ನ ಹತ್ತಿರ ಬಂದರು.

"ನೋಡಪ್ಪ ನಾಗರಾಜು, ಈ ನೆಲ ನೆಕ್ಕೋ ಗಾಡೀಲಿ ನಮ್ಮನೇವ್ಳು ಕೂತ್ಕೊಳಲ್ಲ ಅಂತಾಳೆ. ಬೆನ್ನು ಹೋಗೈತೆ ಅವ್ಳದು. ಏನಾದ್ರೂ ಮಾಡು, ಇಲ್ಲಾಂದ್ರೆ ದಸರಾ ಹಬ್ಬ ಮುಗೀತಿದ್ದಂಗೆ ಮಾರ್ಬಿಡ್ತೀನಿ. ಗಿರಾಕಿ ರೆಡಿ ಅವ್ನೆ."

ವಿಷಯ ಹೀಗಿತ್ತು. ಕಿರಣನ ತಾಯಿ ಲಕ್ಷ್ಮಮ್ಮನವರಿಗೆ ಸ್ಲಿಪ್ ಡಿಸ್ಕ್. ಜಯನಗರದಲ್ಲಿ ಫಿಸಿಯೋಥೆರಪಿ ನಡೆಯುತ್ತಿತ್ತು. ಆಟೋದಲ್ಲಿ ಕುಲುಕಾಟ ತಡೆಯಲಾಗುತ್ತಿರಲಿಲ್ಲ, ಮಗನ ಕಾರಿನಲ್ಲಿ ಹಂಪು ಹಂಪಿಗೂ ಕಣ್ಣಲ್ಲಿ ನೀರು. ಮೊದಮೊದಲು ಆಕೆ ಕಾರಿನ ಮೇಲೆ ದೂರು ಹೇಳಲಿಲ್ಲ. "ಈಗ ವಾಸಿ, ಬೇಡ ಬಿಡಪ್ಪ" ಎಂದು ಫಿಸಿಯೋಥೆರಪಿಗೆ ಹೋಗುವುದನ್ನೇ ನಿಲ್ಲಿಸಿಬಿಟ್ಟರು. ಒಂದು ದಿನ ನೀರಿನ ಕೊಡ ಎತ್ತಲು ಹೋಗಿ ಅಡಿಗೆಮನೆಯಲ್ಲೇ ಕುಸಿದಾಗ ಮನೆಯವರಿಗೆ ನಿಜ ಗೊತ್ತಾಯಿತು. ಹೀಗೇ ಬಿಟ್ಟರೆ ಹಾಸಿಗೆ ಹಿಡಿಯುತ್ತಾರೆ ಎಂದು ಡಾಕ್ಟರು ಹೇಳಿದ್ದರಂತೆ. ಇಷ್ಟು ಕೇಳಿದ ಮೇಲೆ ನನಗೆ ಅದು ಬರೀ ಕಾರಿನ ಕೆಲಸವಾಗಿ ಉಳಿಯಲಿಲ್ಲ.

"ಕಂಪನಿ ಸ್ಪ್ರಿಂಗ್ ಹಾಕಿ ಕಳಿಸ್ತೀನಿ, ಕಥೆ ಮುಗೀತು" ಎಂದೆ. ಕಿರಣನ ಮುಖ ನೋಡಬೇಕಿತ್ತು. "ಅಣ್ಣ, ಭಾನುವಾರ ಫ್ರೆಂಡ್ಸ್ ಜೊತೆ ಹೋಗ್ಬೇಕಾದ್ರಾದ್ರೂ ಸ್ವಲ್ಪ ಲೋ ಇರ್ಬೇಕಣ್ಣ. ಮಿಕ್ಕಿದ್ ದಿನ ನೀವು ಹೇಳ್ದಂಗೆ" ಎಂದು ಗೋಗರೆದ. ಶಾಕ್ ಅಬ್ಸಾರ್ಬರುಗಳೂ ಹೇಗೂ ಎಣ್ಣೆ ಕಾರಿ ಸತ್ತಿದ್ದವು. ಎಲ್ಲವನ್ನೂ ಬದಲಿಸಲೇಬೇಕಾದ್ದರಿಂದ ಎತ್ತರ ಹೆಚ್ಚು ಕಡಿಮೆ ಮಾಡಬಹುದಾದ ಸೆಟ್ ಹಾಕಲು ಒಪ್ಪಿದೆ. ನಮ್ಮ ಭಾಷೆಯಲ್ಲಿ ಅದಕ್ಕೆ ಕಾಯಿಲೋವರ್ ಎನ್ನುತ್ತಾರೆ.

ಇದರಲ್ಲಿ ಶಾಕ್ ಅಬ್ಸಾರ್ಬರಿನ ಮೈಗೆ ಬೋಲ್ಟಿನ ಹಾಗೆ ಥ್ರೆಡ್ ಇರುತ್ತದೆ. ಅದರ ಮೇಲೆ ಒಂದು ರಿಂಗ್, ರಿಂಗಿನ ಮೇಲೆ ಸ್ಪ್ರಿಂಗ್ ಕೂತಿರುತ್ತದೆ. ರಿಂಗನ್ನು ತಿರುಗಿಸಿ ಮೇಲೇರಿಸಿದರೆ ಕಾರು ಏಳುತ್ತದೆ, ಇಳಿಸಿದರೆ ಇಳಿಯುತ್ತದೆ. ಆ ರಿಂಗ್ ತಾನಾಗಿ ತಿರುಗದಂತೆ ಅದರ ಕೆಳಗೆ ಲಾಕ್ ರಿಂಗ್ ಎಂಬ ಇನ್ನೊಂದು ಇರುತ್ತದೆ. ಎರಡನ್ನೂ ಒಂದಕ್ಕೊಂದು ಒತ್ತಿ ಬಿಗಿ ಮಾಡಬೇಕು. ಬಿಗಿ ಮಾಡದಿದ್ದರೆ ಗಾಡಿ ಓಡುವ ಅದುರಾಟಕ್ಕೆ ರಿಂಗ್ ಮೆಲ್ಲಗೆ ಕೆಳಗಿಳಿಯುತ್ತದೆ, ಒಂದು ಮಗ್ಗುಲು ಕುಸಿಯುತ್ತದೆ, ತಿರುವಿನಲ್ಲಿ ಟೈರು ಹೋಗಿ ಬಾಡಿಗೆ ಉಜ್ಜುತ್ತದೆ. ಈ ರಿಂಗುಗಳನ್ನು ತಿರುಗಿಸಲು ಕೊಕ್ಕೆಯ ಹಾಗೆ ಬಾಗಿದ ಹುಕ್ ಸ್ಪ್ಯಾನರೇ ಬೇಕು, ಬೇರೆ ಯಾವುದೂ ಕೂರುವುದಿಲ್ಲ. ಸೆಟ್ ಜೊತೆ ಬಂದಿದ್ದ ಒಂದು ಮತ್ತು ನನ್ನದೊಂದು, ಎರಡೂ ನನ್ನ ಶೆಡ್ಡಿನಲ್ಲೇ ಇದ್ದವು.

ಕೆಲಸವನ್ನು ಹಟ ಹಿಡಿದು ಮಾಡಿದೆ. ಖಾಲಿ ಕಾರಿನಲ್ಲಿ ಅಳತೆ ಹಿಡಿದು ಕಳಿಸುವುದು ನನಗಾಗದು. ಕಿರಣನನ್ನು ಸ್ಟೀರಿಂಗಿಗೆ ಕೂರಿಸಿ, ಹಿಂದಿನ ಸೀಟಿನಲ್ಲಿ ತಾಯಿಯ ತೂಕದಷ್ಟು ಮರಳು ಮೂಟೆ ಇಟ್ಟು ಎತ್ತರ ನೋಡಿದೆ. ಕಂಪನಿಯ ಎತ್ತರಕ್ಕಿಂತ ಹತ್ತೇ ಮಿಲಿಮೀಟರ್ ಕೆಳಗೆ ನಿಲ್ಲಿಸಿದೆ. ಮುಂದಿನ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೂರು ಬೆರಳು ಸಲೀಸಾಗಿ ಹೋಗುತ್ತಿತ್ತು. ವೀಲ್ ಅಲೈನ್‌ಮೆಂಟ್ ಮುಗಿಸಿ ಪದ್ಮನಾಭನಗರದ ತನಕ ಓಡಿಸಿ ನೋಡಿದೆ. ಹಂಪಿನಲ್ಲಿ ಕಾರು ತಗ್ಗಿ ಎದ್ದು ಸುಮ್ಮನಾಗುತ್ತಿತ್ತು. ನನಗೇ ನನ್ನ ಮೇಲೆ ಸ್ವಲ್ಪ ಹೆಮ್ಮೆಯಾಯಿತು.

ಗಾಡಿಯನ್ನು ಆಯುಧಪೂಜೆಯ ದಿನ ನಮ್ಮ ಶೆಡ್ಡಿನಲ್ಲೇ ಪೂಜೆ ಮಾಡಿಸಿಕೊಂಡು ಒಯ್ಯುವುದೆಂದು ಮುನಿರಾಜಪ್ಪನವರು ತೀರ್ಮಾನಿಸಿದರು. ಅಲ್ಲಿಂದ ನೇರ ಹನುಮಂತನಗರಕ್ಕೆ, ಲಕ್ಷ್ಮಮ್ಮನವರ ಅಕ್ಕನ ಮನೆಗೆ. ಬೆನ್ನು ಹಿಡಿದ ಮೇಲೆ ಆಕೆ ಅಕ್ಕನ ಮನೆ ಕಂಡಿರಲಿಲ್ಲ. ಒಮ್ಮೆ ಕೂತು ನೋಡುತ್ತೇನೆ, ನೋವಾದರೆ ಇನ್ನು ಯಾವತ್ತೂ ಈ ಕಾರಿನ ಸುದ್ದಿ ಎತ್ತಬಾರದು ಎಂದು ಷರತ್ತು ಹಾಕಿಯೇ ಒಪ್ಪಿದ್ದರಂತೆ.

ಗ್ಯಾರೇಜಿನವರಿಗೆ ಆಯುಧಪೂಜೆಯೆಂದರೆ ಏನೆಂದು ಹೇಳಬೇಕಾಗಿಲ್ಲ. ಜಾಕು, ಸ್ಪ್ಯಾನರು, ಸುತ್ತಿಗೆ ಎಲ್ಲವನ್ನೂ ತೊಳೆದು ಒರೆಸಿ, ಒಂದು ಹಲಗೆಯ ಮೇಲೆ ಜೋಡಿಸಿ, ವಿಭೂತಿ ಕುಂಕುಮ ಇಟ್ಟು ಹೂವು ಏರಿಸುತ್ತೇವೆ. ಪೂಜೆಗೆ ಕೂತ ಸಾಮಾನನ್ನು ಮಾರನೆಯ ದಿನ ಮರುಪೂಜೆ ಆಗುವ ತನಕ ಮುಟ್ಟುವಂತಿಲ್ಲ. ಅಂದೂ ಹಾಗೇ ನಡೆಯಿತು. ಬಿಳಿ ಕಾರಿನ ಮುಂದೆ ಎರಡೂ ಕಡೆ ಬಾಳೆಕಂದು ಕಟ್ಟಿದ್ದರು, ಬಾನೆಟ್ಟಿಗೆ ಸೇವಂತಿಗೆ ಹಾರ. ಪುರೋಹಿತರು ಬೂದುಗುಂಬಳ ಒಡೆಸಿದರು. ಲಕ್ಷ್ಮಮ್ಮನವರು ಬೆನ್ನಿಗೊಂದು ದಿಂಬು ಕೊಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತರು, ಪಕ್ಕದಲ್ಲಿ ಯಜಮಾನರು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಾಗಿತ್ತು. ಕಿರಣ ಗೇರ್ ಹಾಕಿ ರಸ್ತೆಯ ಕಡೆ ಸ್ಟೀರಿಂಗ್ ಪೂರ್ತಿ ತಿರುಗಿಸಿದ.

ನಿಂಬೆಹಣ್ಣು ಪಚಪಚ ಎಂದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಗದ್ದಲದ ನಡುವೆ ಬಲಗಡೆಯ ಮುಂದಿನ ಚಕ್ರದಿಂದ "ಟಂಗ್" ಎಂದು ಇನ್ನೊಂದು ಸದ್ದು ಬಂತು. ಅದು ನಿಂಬೆಹಣ್ಣಿನದಲ್ಲ. ಸ್ಪ್ರಿಂಗ್ ತನ್ನ ಜಾಗದಲ್ಲಿ ಹೊರಳಿದಾಗ ಮಾತ್ರ ಬರುವ ಸದ್ದು ಅದು.

"ನಿಲ್ಸೋ!" ಎಂದು ಅರಚಿ ಬಾನೆಟ್ಟಿನ ಮುಂದೆ ಹೋಗಿ ನಿಂತೆ.

ಬಾಳೆಎಲೆ ಸರಿಸಿ ಟೈರಿನ ಮೇಲೆ ಕೈ ಹಾಕಿದೆ. ಮೂರು ಬೆರಳು ಹೋಗುತ್ತಿದ್ದ ಸಂದಿಯಲ್ಲಿ ಒಂದು ಬೆರಳೂ ತೂರಲಿಲ್ಲ. ಎಡಗಡೆಯೂ ಅಷ್ಟೇ. ನಾನು ನಿಲ್ಲಿಸಿದ ಎತ್ತರವೇ ಅಲ್ಲ ಇದು. ಬಾಳೆಕಂದಿನ ಮರೆಯಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮುನಿರಾಜಪ್ಪನವರು ಇಳಿದು ಬಂದರು, ಮುಖ ಕೆಂಪಗಾಗಿತ್ತು. "ಪೂಜೆ ಆಗಿ ಹೊರಟಿರೋ ಗಾಡೀನ ಅಡ್ಡ ಹಾಕ್ತೀಯಲ್ಲಪ್ಪ, ನಿಂಗೇನಾದ್ರೂ ಬುದ್ಧಿ ಐತಾ?"

"ಯಜಮಾನ್ರೇ, ಸ್ವಲ್ಪ ತಡ್ಕೊಳಿ. ಕಿರಣ, ಇದನ್ನ ಯಾರು ಇಳ್ಸಿದ್ದು?"

ಕಿರಣ ಸ್ಟೀರಿಂಗ್ ಬಿಟ್ಟು ಇಳಿದ. ಒಂದೊಂದೇ ಮಾತು ಹೊರಬಿತ್ತು. "ನಾನೇ ಅಣ್ಣ. ಬೆಳಿಗ್ಗೆ ಫ್ರೆಂಡ್ಸ್ ಬಂದಿದ್ರು, ಒಂದ್ ಫೋಟೋಗೆ ಅಂತ ಮುಂದೆ ಇಳಿಸ್ದೆ. ಅಮ್ಮ ಬರೋಷ್ಟ್ರಲ್ಲಿ ಎತ್ಬಿಡೋಣ ಅಂತಿದ್ದೆ. ಹೇಗೂ ಮತ್ತೆ ತಿರುಗಿಸ್ಬೇಕಲ್ಲ ಅಂತ ಲಾಕ್ ರಿಂಗ್ ಟೈಟ್ ಮಾಡ್ಲಿಲ್ಲ. ಫೋಟೋ ತೆಗೆದು ಬಂದು ನೋಡಿದ್ರೆ ನಿಮ್ ಶೆಡ್ ಹುಡುಗ್ರು ಎರಡೂ ಸ್ಪ್ಯಾನರ್ ಪೂಜೆಗೆ ಇಟ್ಬಿಟ್ಟಿದ್ರು. ಕುಂಕುಮ ಬೇರೆ ಹಚ್ಚಾಗಿತ್ತು. ತೆಗೀರಿ ಅಂತ ಹೆಂಗಣ್ಣ ಕೇಳ್ಲಿ?"

ನಾನು ಸ್ನಾನ ಮಾಡಿ ಮಡಿಯುಟ್ಟು ಬರಲು ಮನೆಗೆ ಹೋಗಿದ್ದ ಹೊತ್ತು ಅದು. ಇವನು ಅಲ್ಲಿ ಫೋಟೋ ತೆಗೆಸಿಕೊಂಡು, ಇಲ್ಲಿ ದೇವರಿಗೆ ಹೆದರಿ ಸುಮ್ಮನಾಗಿದ್ದ. ಎರಡೂ ಲಾಕ್ ರಿಂಗ್ ಸಡಿಲ, ಸ್ಪ್ರಿಂಗಿಗೆ ಆಡಲು ಜಾಗವಿಲ್ಲ, ಹಿಂದಿನ ಸೀಟಿನಲ್ಲಿ ಬೆನ್ನು ನೋವಿನ ತಾಯಿ. ನನಗೆ ಬಂದ ಸಿಟ್ಟಿಗೆ ಅವನ ಕಪಾಳಕ್ಕೆ ಎರಡು ಬಿಡಬೇಕೆನ್ನಿಸಿತು. ಹೇಳಬಾರದ ನಾಲ್ಕು ಮಾತು ಹೇಳಿಯೂಬಿಟ್ಟೆ.

"ಆಯ್ತು ಬಿಡು, ಇವತ್ತಿಗೆ ಸಾಕು" ಎಂದರು ಮುನಿರಾಜಪ್ಪ. ದನಿ ತಣ್ಣಗಿತ್ತು, ಬೈದಿದ್ದರೇ ವಾಸಿಯಿತ್ತು. "ಗಾಡಿ ಇಲ್ಲೇ ಇರ್ಲಿ. ನಾಳೆ ಗಿರಾಕಿ ಬಂದು ತಗೊಂಡು ಹೋಗ್ತಾನೆ. ಲಕ್ಷ್ಮೀ, ಇಳಿ. ಮನೆಗೋಗಾಣ."

ಬುದ್ಧಿವಂತಿಕೆಯ ದಾರಿ ಅದೇ ಆಗಿತ್ತೇನೋ. ಮರುದಿನ ಮರುಪೂಜೆ ಮುಗಿಸಿ ರಿಂಗ್ ಬಿಗಿ ಮಾಡಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಅಂದು ಆಕೆ ಆ ಕಾರಿನಿಂದ ಇಳಿದು ಮನೆಗೆ ಹೋದರೆ ಮತ್ತೆ ಹತ್ತುವುದಿಲ್ಲ ಎಂಬುದು ನನಗೆ ಖಾತ್ರಿಯಿತ್ತು. ಅಕ್ಕನ ಮನೆಯೂ ಇಲ್ಲ, ಜಯನಗರವೂ ಇಲ್ಲ, ಉಳಿಯುವುದು ಹಾಸಿಗೆ ಮಾತ್ರ. ಬಿಟ್ಟುಕೊಡಲು ಮನಸ್ಸು ಒಪ್ಪಲಿಲ್ಲ. ನಾನೇನೂ ದೇವರನ್ನು ನಂಬದವನಲ್ಲ. ಶೆಡ್ ಶುರು ಮಾಡಿದಂದಿನಿಂದ ಪೂಜೆಗೆ ಕೂತ ಒಂದು ನಟ್ಟನ್ನೂ ಅಲುಗಿಸಿರಲಿಲ್ಲ. ಹಲಗೆಯ ಮುಂದೆ ಹೋಗಿ ನಿಂತೆ, ಕೈ ಮುಂದೆ ಹೋಗಲಿಲ್ಲ.

ಆಗ ಕಾರಿನೊಳಗಿಂದ ಲಕ್ಷ್ಮಮ್ಮನವರ ದನಿ ಬಂತು. "ಅಣ್ಣ, ಎಷ್ಟೊತ್ತು ಹಿಡಿಯುತ್ತೆ ಅದು?"

"ಮುಕ್ಕಾಲು ಗಂಟೆ ಅಕ್ಕ."

"ಹಂಗಾದ್ರೆ ಒಂದು ಕುರ್ಚಿ ಹಾಕ್ಸಿ. ಕೂತಿರ್ತೀನಿ. ಅಕ್ಕನ ಮನೇಲಿ ಒಬ್ಬಟ್ಟು ತಟ್ಕೊಂಡು ಕಾಯ್ತಾವ್ರೆ, ನಾನಂತೂ ಮನೆಗೆ ಹೋಗಕಿಲ್ಲ." ಗಂಡನ ಕಡೆ ತಿರುಗಿ, "ನೀವು ಸ್ವಲ್ಪ ಸುಮ್ಕಿರಿ" ಎಂದರು.

ಪುರೋಹಿತರನ್ನು ನೋಡಿದೆ. ಅವರು ದಕ್ಷಿಣೆಯ ತಟ್ಟೆಯನ್ನೇ ಪರೀಕ್ಷಿಸುತ್ತ ನಿಂತಿದ್ದರು. ಕಣ್ಣಿಗೊತ್ತಿಕೊಂಡು ಹುಕ್ ಸ್ಪ್ಯಾನರ್ ಎತ್ತಿಕೊಂಡೆ. ಹೂವು ಸರಿಸಿ ಜಾಕನ್ನೂ ಎಳೆದೆ.

ಮುಂಭಾಗ ಎತ್ತಿ ಚಕ್ರ ಬಿಚ್ಚಿದೆವು. ಬಲಗಡೆಯ ಲಾಕ್ ರಿಂಗ್ ಕೈಯಲ್ಲೇ ಗಿರಗಿರ ತಿರುಗುತ್ತಿತ್ತು. ಅದನ್ನು ನಾನು ಮಾಡಿದೆ. ಎಡಗಡೆಯದನ್ನು ಕಿರಣನಿಂದಲೇ ಮಾಡಿಸಿದೆ, ಹಬ್ಬದ ರೇಷ್ಮೆ ಅಂಗಿಯಲ್ಲೇ, ನೆಲದ ಮೇಲೆ ಕೂರಿಸಿ. ಅಳತೆ ಹಿಡಿಸಿದೆ, ಬಿಗಿ ಮಾಡಿಸಿದೆ, ನಾನೂ ಒಮ್ಮೆ ಎಳೆದು ನೋಡಿದೆ. ಅವನ ಕೈಯೆಲ್ಲ ಗ್ರೀಸು, ಕುಂಕುಮ. ಮಧ್ಯೆ ಒಮ್ಮೆ ತಲೆ ಎತ್ತಿ ತಾಯಿಯನ್ನು ನೋಡಿದ. ಆಕೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಡ್ಲೆಪುರಿ ತಿನ್ನುತ್ತಿದ್ದರು. "ನಿಧಾನಕ್ಕೆ ಮಾಡು" ಎಂದರು.

ಎತ್ತರ ಬದಲಾದರೆ ಚಕ್ರದ ಕೋನವೂ ಕೊಂಚ ಬದಲಾಗುತ್ತದೆ. ಹಬ್ಬದ ದಿನ ಅಲೈನ್‌ಮೆಂಟ್ ಸೆಂಟರ್ ತೆರೆದಿರುವುದಿಲ್ಲ. ರಿಂಗುಗಳನ್ನು ನಾನು ಮೊದಲು ಹಾಕಿದ್ದ ಗುರುತಿಗೇ ತಂದಿದ್ದೆ, ಆದರೂ ಮರುದಿನ ನೋಡಿಸಲೇಬೇಕೆಂದು ಹೇಳಿ, ಅಂದು ನಾನೂ ಮುಂದಿನ ಸೀಟಿನಲ್ಲಿ ಕೂತೆ. ಮುನಿರಾಜಪ್ಪನವರು ಹೆಂಡತಿಯನ್ನು ಕೂರಿಸಿ ತಾವೂ ಹಿಂದೆ ಹತ್ತಿದರು. ಕಿರಣ ಕಾರನ್ನು ಮೊಟ್ಟೆ ಸಾಗಿಸುವವನ ಹಾಗೆ ಓಡಿಸಿದ.

ಕತ್ರಿಗುಪ್ಪೆ ದಾಟುವ ಮುನ್ನ ಒಂದು ಹಂಪ್ ಇತ್ತು. ಬಣ್ಣವಿಲ್ಲ, ಬೋರ್ಡಿಲ್ಲ, ಗೋಡೆ ಮಲಗಿಸಿದಂತಿದ್ದ ಅದರ ಮೇಲೆ ಈ ಕಾರು ಎಷ್ಟೋ ಸಲ ಹೊಟ್ಟೆ ಉಜ್ಜಿತ್ತಂತೆ. ಕಿರಣ ಫಸ್ಟ್ ಗೇರಿಗೆ ಇಳಿಸಿದ. ಕನ್ನಡಿಯಲ್ಲಿ ನೋಡಿದರೆ ಮುನಿರಾಜಪ್ಪನವರು ಹೆಂಡತಿಯ ಕೈ ಹಿಡಿದುಕೊಂಡಿದ್ದರು. ಮುಂದಿನ ಚಕ್ರ ಹತ್ತಿ ಇಳಿಯಿತು. ಹಿಂದಿನದೂ ಹತ್ತಿ ಇಳಿಯಿತು. ಲಕ್ಷ್ಮಮ್ಮನವರು ಕಿಟಕಿಯಾಚೆ ಯಾರದೋ ಅಂಗಡಿಯ ಅಲಂಕಾರ ನೋಡುತ್ತಿದ್ದರು.

"ನೋವಾಯ್ತೇನೇ?" ಎಂದು ಕೇಳಿದರು ಯಜಮಾನರು.

ಆಕೆ ತಿರುಗಿ ನೋಡಿದರು. "ಯಾಕೆ? ಹಂಪು ಬಂತಾ?"

ಕಿರಣ ರಸ್ತೆ ಪಕ್ಕಕ್ಕೆ ಕಾರು ನಿಲ್ಲಿಸಿ ಸ್ಟೀರಿಂಗಿಗೆ ತಲೆ ಇಟ್ಟುಬಿಟ್ಟ. ಹಿಂದೆ ಬರುತ್ತಿದ್ದವರು ಹಾರ್ನ್ ಹೊಡೆದರು. ಯಾರೂ ಅವನಿಗೆ ಹೊರಡು ಎನ್ನಲಿಲ್ಲ.

ಕಾರು ಮಾರಾಟವಾಗಲಿಲ್ಲ, ಲಕ್ಷ್ಮಮ್ಮನವರು ಜಯನಗರಕ್ಕೆ ಮತ್ತೆ ಹೋಗತೊಡಗಿದರು. ನನ್ನ ಕೈಕೆಳಗೆ ಕೆಲಸ ಕಲಿತ ಎಲ್ಲರಿಗೂ ಅಂದಿನಿಂದ ನಾನು ಎರಡು ಮಾತು ಹೇಳುತ್ತ ಬಂದಿದ್ದೇನೆ. ಅರ್ಧಕ್ಕೆ ನಿಂತ ಕೆಲಸವನ್ನು ಯಾರ ಮುಂದೆ ಬೇಕಾದರೂ ಹೇಳಿ, ದೇವರ ಮುಂದೆ ಇದ್ದರೂ ಹೇಳಿ, ಬೈಸಿಕೊಂಡರೆ ಬೈಸಿಕೊಳ್ಳಿ. ಇನ್ನು, ಗಾಡಿ ಎಷ್ಟು ಚೆನ್ನಾಗಿ ಕಾಣುತ್ತದೆಂದು ಹೊರಗೆ ನಿಂತವರನ್ನು ಕೇಳಬೇಡಿ. ಹಿಂದಿನ ಸೀಟಿನಲ್ಲಿ ಕೂತವರು ಹಂಪು ಬಂತಾ ಎಂದು ಕೇಳಿದರೆ ಮಾತ್ರ ಕೆಲಸ ಮುಗಿಯಿತೆಂದು ಕೈ ತೊಳೆಯಿರಿ.