ಸಾಮಿ ಪೆಟ್ಟಿಗೆಯ ಮುಂದಿನ ಮಾತ್ರೆ

ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಹೊಂದಿಸಿಕೊಂಡದ್ದು ಎಂಬುದು ನನಗೆ ಖಚಿತವಿಲ್ಲ. ಅಣ್ಣನ ಸೊಂಟದ ಮೇಲೆ ಕುಂಬಾರ ಕೆಮ್ಮಣ್ಣಿನಿಂದ ಸಿಂಹ ಬರೆಯುತ್ತಿದ್ದುದು ನನ್ನ ಕಣ್ಣ ಮುಂದೆಯೇ ಇದೆ. ಬಾಲ ಬೆನ್ನಿನವರೆಗೆ ಸುತ್ತಿಕೊಂಡಿತ್ತು. ಆದರೆ ಆ ದಿನ ನಾನು ಊರಲ್ಲೇ ಇರಲಿಲ್ಲ, ದಿಂಡಿಗಲ್ಲಿನ ಕಾಲೇಜಿನಲ್ಲಿ ಪರೀಕ್ಷೆ ನಡೆಸುತ್ತಿದ್ದೆ ಎಂದು ಅತ್ತಿಗೆ ಹೇಳುತ್ತಾರೆ.

ಸರ್ಪಸುತ್ತಿಗೆ ನಮ್ಮ ಕಡೆ ತಮಿಳಿನಲ್ಲಿ ಅಕ್ಕಿ ಎನ್ನುತ್ತಾರೆ. ಅದಕ್ಕೆ ಕುಂಬಾರನೇ ವೈದ್ಯ. ಅವನು ಸಿಂಹ ಬರೆದ, ಗುಳ್ಳೆ ಒಣಗಿತು. ಎರಡು ತಿಂಗಳಲ್ಲಿ ಮತ್ತೆ ಬಂತು. ಜೊತೆಗೆ ಬಾಯಲ್ಲಿ ಬೆಳ್ಳಗೆ ಹುಣ್ಣು. ಮದುರೆಯಿಂದ ಬೇರೆಯಾಗಿ ತೇನಿ ಜಿಲ್ಲೆಯಾದ ಹೊಸತು ಅದು. ಅಲ್ಲಿನ ಒಂದು ಆಸ್ಪತ್ರೆಗೆ ಅಣ್ಣನನ್ನು ನಾನೇ ಕರೆದುಕೊಂಡು ಹೋದೆ. ರಕ್ತ ತೆಗೆದರು. ವಾರ ಬಿಟ್ಟು ಬರಲು ಹೇಳಿದರು.

ಎಚ್‌ಐವಿ ಪಾಸಿಟಿವ್.

ಯಾವಾಗ, ಎಲ್ಲಿಂದ ಎಂದು ನಾನು ಕೇಳಲಿಲ್ಲ. ಅಥವಾ ಕೇಳಿದೆನೇನೋ. ಹಿಂದಿರುಗುವ ಬಸ್ಸಿನಲ್ಲಿ ಅವನು ಆಡಿದ ಒಂದು ಮಾತು ಮಾತ್ರ ಉಳಿದಿದೆ. "ಲಕ್ಕಮ್ಮಂಗೂ ನೋಡ್ಸ್‌ಬೇಕು ತಮ್ಮಾ."

ಲಕ್ಕಮ್ಮ ನನ್ನ ಅತ್ತಿಗೆ. ನೋಡಿಸಿದೆವು.

ಅವರಿಗೂ ಇತ್ತು.

ಕಂಬಂ ಕಣಿವೆಯಲ್ಲಿ ನಮ್ಮದು ದ್ರಾಕ್ಷಿ ತೋಟ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ನಮ್ಮಲ್ಲಿ ಕನ್ನಡ ಆಡುತ್ತಾರೆ, ಓದುವವರಿಲ್ಲ. ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿದ್ದರಿಂದ ನನಗೊಬ್ಬನಿಗೆ ಈ ಲಿಪಿ ಬಂತು. ಇದನ್ನು ಈ ಲಿಪಿಯಲ್ಲಿ ಬರೆಯುತ್ತಿರುವುದಕ್ಕೆ ಕಾರಣವೂ ಅದೇ. ಅಣ್ಣ ಓದಲಾರ.

ವೈರಸ್ಸಿಗೇ ಔಷಧ ಬಂದಿದೆ ಎಂದು ಪತ್ರಿಕೆಗಳಲ್ಲಿ ಓದುತ್ತಿದ್ದೆ. ಅದು ನಮ್ಮಂಥವರ ಕೈಗೆ ಎಟುಕುವಂಥದ್ದಲ್ಲ ಎಂದು ತೇನಿಯ ಆ ಆಸ್ಪತ್ರೆಯ ಡಾಕ್ಟರಮ್ಮ ನೇರವಾಗಿ ಹೇಳಿದರು. ಆದರೆ ಆಸ್ಪತ್ರೆಯಲ್ಲಿ ಒಂದು ಸ್ಟಡಿ ಶುರುವಾಗಿತ್ತು. ಈ ರೋಗದವರನ್ನು ಹೆಚ್ಚಾಗಿ ಕೊಲ್ಲುವುದು ಟಿಬಿ. ಅದು ಬರುವ ಮೊದಲೇ ದಿನಕ್ಕೊಂದು ಐಸೋನಿಯಾಜಿಡ್ ಮಾತ್ರೆ ಕೊಟ್ಟರೆ ತಡೆಯಬಹುದೇ ಎಂದು ನೋಡುವುದು ಅದರ ಉದ್ದೇಶ. ಅರ್ಧ ಜನರಿಗೆ ಔಷಧ, ಅರ್ಧ ಜನರಿಗೆ ನೋಡಲು ಹಾಗೆಯೇ ಇರುವ ಡಮ್ಮಿ.

"ನಮ್ಮಣ್ಣನಿಗೆ ಯಾವುದು?" ಎಂದು ಕೇಳಿದೆ.

"ನನಗೂ ಗೊತ್ತಿಲ್ಲ ಸಾರ್. ನನಗೆ ಗೊತ್ತಾಗಬಾರದು ಅನ್ನೋದೇ ಇದರ ಪದ್ಧತಿ. ಸ್ಟಡಿ ಮುಗಿದ ಮೇಲೆ ಕೋಡ್ ತೆರೀತಾರೆ."

ತರಗತಿಯಲ್ಲಿ ಈ ಪದ್ಧತಿಯನ್ನು ನಾನೇ ಹೊಗಳಿದ್ದೇನೆ. ಒಡಹುಟ್ಟಿದವನನ್ನು ಅದರೊಳಗೆ ಕೂರಿಸಿದಾಗ ಅದು ಬೇರೆಯೇ ಕಾಣುತ್ತದೆ. ಒಪ್ಪಿಗೆ ಪತ್ರವನ್ನು ಮೂರು ಸಲ ಓದಿದೆ. ಇವರಿಗೇನು ಲಾಭ? ಬಡ ಊರನ್ನು ಆರಿಸಿಕೊಂಡದ್ದೇಕೆ? ಡಾಕ್ಟರಮ್ಮ ಎಲ್ಲಕ್ಕೂ ಉತ್ತರ ಕೊಟ್ಟರು. ಉತ್ತರ ಅಷ್ಟು ಸಲೀಸಾಗಿ ಬಂದದ್ದೇ ನನಗೆ ಅನುಮಾನ ತಂದಿತು.

ಅಣ್ಣ ಸಹಿ ಹಾಕಿದ. ಅವನ ಕಾರಣ ಸಣ್ಣದು. "ಬೇರೆ ಆಸ್ಪತ್ರೇಲಿ ಗ್ಲೌಸ್ ಹಾಕ್ಕೊಂಡೂ ಮುಟ್ಟಲಿಲ್ಲ. ಈಯಮ್ಮ ಬರೀ ಕೈಲಿ ನಾಡಿ ಹಿಡಿದ್ರು." ಸ್ಟಡಿಯಲ್ಲಿ ಇರುವವರೆಗೆ ಎಕ್ಸ್-ರೇ, ರಕ್ತಪರೀಕ್ಷೆ, ಡಾಕ್ಟರ್ ಎಲ್ಲ ಉಂಟು. ಅಲ್ಲಿಂದ ತೆಗೆದರೆ ಅವನಿಗೆ ಹೋಗಲು ಇನ್ನೊಂದು ಬಾಗಿಲಿರಲಿಲ್ಲ. ಅತ್ತಿಗೆಯನ್ನು ಸ್ಟಡಿಗೆ ತೆಗೆದುಕೊಳ್ಳಲಿಲ್ಲ. ಅವರ ಸಿಡಿ4 ಕೌಂಟ್, ಅಂದರೆ ರೋಗದೊಂದಿಗೆ ಹೋರಾಡುವ ರಕ್ತಕಣಗಳ ಲೆಕ್ಕ, ಇನ್ನೂ ಸ್ಟಡಿಯ ಗೆರೆಗಿಂತ ಮೇಲಿತ್ತು. ಆರೋಗ್ಯ ಚೆನ್ನಾಗಿದೆ ಎಂಬ ಕಾರಣಕ್ಕೆ ಬೇಡ ಎನ್ನಿಸಿಕೊಂಡು ಹೊರಗಿನ ಬೆಂಚಿನಲ್ಲಿ ಕೂತಿದ್ದ ಅವರ ಮುಖ ನೆನಪಿದೆ. ಇದು ಮಾತ್ರ ನಿಜವಾದ ನೆನಪು ಎಂದುಕೊಂಡಿದ್ದೇನೆ.

ಪ್ರತಿ ತಿಂಗಳು ಒಂದು ಬಾಟಲಿ. ಒಳಗೆ ಮೂವತ್ತೈದು ಮಾತ್ರೆ. ಮುಂದಿನ ಭೇಟಿಯಲ್ಲಿ ಸಿಸ್ಟರ್ ಉಳಿದದ್ದನ್ನು ಎಣಿಸುತ್ತಾರೆ. ಎಂಟು ತಿಂಗಳು ಲೆಕ್ಕ ಒಂದೂ ತಪ್ಪಲಿಲ್ಲ. ಸಿಸ್ಟರ್ ಬೇರೆ ರೋಗಿಗಳಿಗೆ ಅಣ್ಣನನ್ನು ತೋರಿಸಿ, "ರಂಗಸಾಮಿ ಅಣ್ಣನ್ನ ನೋಡಿ ಕಲೀರಿ" ಎನ್ನುತ್ತಿದ್ದರು.

ಮನೆಯಲ್ಲಿ ಆ ಬಾಟಲಿ ಇರುತ್ತಿದ್ದುದು ಸಾಮಿ ಪೆಟ್ಟಿಗೆಯ ಮುಂದೆ. ಕುಲದೇವರ ಪೆಟ್ಟಿಗೆ ಅದು, ಹಿರಿಯರು ಕನ್ನಡ ನಾಡಿನಿಂದ ಹೊತ್ತು ತಂದದ್ದಂತೆ. ನಮ್ಮ ಮನೆಯಲ್ಲಿ ಒಂದು ಕಟ್ಟಳೆಯಿದೆ. ಹೊರಗಿನವರು ಸುಮ್ಮನೆ ಕೊಟ್ಟದ್ದು ಏನಿದ್ದರೂ ಮೊದಲು ಪೆಟ್ಟಿಗೆಯ ಮುಂದೆ ಇಡಬೇಕು. ಹಾಗೆ ಇಟ್ಟದ್ದನ್ನು ಒಬ್ಬರೇ ತಿನ್ನಬಾರದು. ಚಿಕ್ಕಂದಿನಲ್ಲಿ ಒಂದು ಮಾವಿನಹಣ್ಣನ್ನು ಏಳು ಹೋಳು ಮಾಡಿ ತಿಂದವರು ನಾವು. ಔಷಧವನ್ನೂ ಅಲ್ಲಿಟ್ಟದ್ದು ಕಂಡು ನಾನು ನಕ್ಕೆ. ಬಾಟಲಿಯ ಪಕ್ಕದಲ್ಲಿ ಅಣ್ಣನ ದ್ರಾಕ್ಷಿ ಸವರುವ ಕತ್ತರಿ ಇತ್ತು. ಅದರ ಬಾಯಿಗೆ ಬಿಳಿ ಪುಡಿ ಮೆತ್ತಿತ್ತು. ಬಳ್ಳಿಗೆ ಹೊಡೆಯಲು ಮೈಲುತುತ್ತಕ್ಕೆ ಬೆರೆಸುವ ಸುಣ್ಣ ಎಂದುಕೊಂಡೆ. ಎಲ್ಲವನ್ನೂ ಅನುಮಾನಿಸುವ ನಾನು ಅದನ್ನು ಮಾತ್ರ ಅನುಮಾನಿಸಲಿಲ್ಲ.

ಆ ಪೊಂಗಲ್‌ಗೆ ಮನೆಗೆ ಹೋದಾಗ ಅಣ್ಣ ಇನ್ನೂ ತೆಳ್ಳಗಾಗಿದ್ದ. ಚಪ್ಪರದ ಕೆಳಗೆ ಕೈ ಎತ್ತಿ ಬಳ್ಳಿ ಸವರುತ್ತಿದ್ದವನು ನಡುನಡುವೆ ಕೂರುತ್ತಿದ್ದ. ಇವನು ತಿನ್ನುತ್ತಿರುವುದು ಡಮ್ಮಿಯೇ ಎಂದು ನನಗೆ ಖಾತ್ರಿಯಾಯಿತು. ಬಾಟಲಿಯಿಂದ ಎರಡು ಮಾತ್ರೆ ತೆಗೆದೆ. ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ. ಏನೋ ನೆಪ ಹೇಳಿ ಮರುದಿನವೇ ದಿಂಡಿಗಲ್ ಬಸ್ಸು ಹಿಡಿದೆ.

ಕಾಲೇಜಿಗೆ ರಜೆ. ಲ್ಯಾಬಿನ ಬೀಗದ ಕೈ ನನ್ನಲ್ಲಿತ್ತು. ಒಂದು ಮಾತ್ರೆ ಪುಡಿ ಮಾಡಿ, ನೀರಲ್ಲಿ ಕದಡಿ, ಸೋಸಿ, ಅಮೋನಿಯಾ ಬೆರೆಸಿದ ಸಿಲ್ವರ್ ನೈಟ್ರೇಟ್ ಹಾಕಿದೆ. ಐಸೋನಿಯಾಜಿಡ್ ಇದ್ದರೆ ಗಾಜಿನ ಒಳಮೈಗೆ ಬೆಳ್ಳಿ ಹತ್ತುತ್ತದೆ.

ಹತ್ತಿತು.

ಟ್ಯೂಬಿನಲ್ಲಿ ನನ್ನ ಮೂಗು ಡೊಂಕಾಗಿ ಕಂಡಿತು. ಎರಡನೆಯ ಮಾತ್ರೆಗೂ ಅಷ್ಟೇ. ಔಷಧವೇ! ನೆಮ್ಮದಿಯಿಂದ ಮೆಟ್ಟಿಲಿಳಿಯುವಾಗ ಇನ್ನೊಂದು ಹೊಳೆಯಿತು. ಡಮ್ಮಿ ಮಾತ್ರೆಗಳನ್ನು ಮಾಡುವುದು ಸಾಮಾನ್ಯವಾಗಿ ಹಾಲಿನ ಸಕ್ಕರೆಯಿಂದ. ಹಾಲಿನ ಸಕ್ಕರೆಯೂ ಬೆಳ್ಳಿ ಹತ್ತಿಸುತ್ತದೆ. ವ್ಯತ್ಯಾಸ ಒಂದೇ. ಅದನ್ನು ಬಿಸಿ ಮಾಡಬೇಕು. ಔಷಧಕ್ಕೆ ಬಿಸಿ ಬೇಡ, ತಣ್ಣಗಿದ್ದಂತೆಯೇ ಗುಳ್ಳೆಯೆದ್ದು ಹತ್ತುತ್ತದೆ.

ನಾನು ಬಿಸಿ ಮಾಡಿದ್ದೆನೇ?

ಐದು ನಿಮಿಷವೂ ಆಗಿರಲಿಲ್ಲ. ನೆನಪಾಗಲಿಲ್ಲ. ನೆನಪಿಸಿಕೊಳ್ಳಲು ಹೋದರೆ ಬರ್ನರಿನ ನೀಲಿ ಉರಿ ಕಾಣುತ್ತಿತ್ತು. ಆದರೆ ಆ ಉರಿಯನ್ನು ಹನ್ನೆರಡು ವರ್ಷ ದಿನವೂ ನೋಡಿದ್ದೇನೆ. ಯಾವ ದಿನದ ಉರಿ ಅದು? ಮಾತ್ರೆ ಮುಗಿದಿತ್ತು.

ನಾಲ್ಕನೆಯ ದಿನ ಅಣ್ಣ ಅತ್ತಿಗೆಯ ಜೊತೆ ನಾನೂ ಹೋದೆ. ಆಸ್ಪತ್ರೆಯಲ್ಲಿ ಸಿಸ್ಟರ್ ಬಾಟಲಿಯನ್ನು ತಟ್ಟೆಗೆ ಸುರಿದರು. ಐದು ಇರಬೇಕಿತ್ತು. ಮೂರಿತ್ತು.

"ಎನ್ನ ಅಣ್ಣೇ, ಏನಿದು? ಒಂದೇ ದಿನ ಎರಡು ತಿಂದ್ರಾ? ಇಲ್ಲಾ ಯಾರಿಗಾದ್ರೂ ಕೊಟ್ರಾ? ಹಿಂಗಾದ್ರೆ ಸ್ಟಡಿಯಿಂದ ತೆಗೀಬೇಕಾಗತ್ತೆ."

ಬೆಂಚಿನಿಂದ ಅತ್ತಿಗೆ ಎದ್ದು ಬಂದರು. ಆಸ್ಪತ್ರೆಯಲ್ಲಿ ಅವರ ಧ್ವನಿ ಕೇಳಿದ್ದು ಅದೇ ಮೊದಲು. ಕನ್ನಡದಲ್ಲಿ ಶುರು ಮಾಡಿ ತಮಿಳಿಗೆ ಹೊರಳಿದರು.

"ಅವ್ರನ್ನ ಅನ್‌ಬೇಡಿ ತಾಯೀ. ನಾನೇ ತಿಂದೆ. ದಿನಾ ಅರ್ಧ ನಂಗೆ, ಅರ್ಧ ಅವ್ರಿಗೆ. ಮೊದಲ್ನೇ ದಿನದಿಂದ."

ಕತ್ತರಿ. ಬಿಳಿ ಪುಡಿ. ದಿನಕ್ಕೆ ಒಂದು ಮಾತ್ರೆ, ಎರಡು ಹೋಳು. ಎಂಟು ತಿಂಗಳು ಲೆಕ್ಕ ತಪ್ಪದಿದ್ದುದು ಅದಕ್ಕೇ. ತಪ್ಪಿದ್ದು ನಾನು ಕೈ ಹಾಕಿದ ಮೇಲೆ. ನಾನು ಕದ್ದದ್ದಕ್ಕೆ ಅವರು ತಪ್ಪೊಪ್ಪಿಕೊಂಡರು.

ಆ ಕ್ಷಣವೇ ನಾನು ಮುಂದೆ ಬಂದು "ಎರಡು ಮಾತ್ರೆ ತೆಗೆದದ್ದು ನಾನು" ಎಂದೆ. ನನ್ನ ನೆನಪು ಹಾಗೆ. ಅತ್ತಿಗೆಯ ನೆನಪು ಬೇರೆ. ಡಾಕ್ಟರಮ್ಮ ಬಂದು ಕೂತು, ಎರಡನೆಯ ಸಲ ಕೇಳುವವರೆಗೆ ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆನಂತೆ. ಈ ವಿಷಯದಲ್ಲಿ ಅವರ ಮಾತನ್ನೇ ನಂಬುವುದು ಲೇಸು.

ಡಾಕ್ಟರಮ್ಮ ಬೈಯಲಿಲ್ಲ. "ಯಾಕೆ ಕೊಟ್ರಿ?" ಎಂದು ಅಣ್ಣನನ್ನು ಕೇಳಿದರು.

"ಸಾಮಿ ಮುಂದೆ ಇಟ್ಟಿದ್ದು. ಒಬ್ನೇ ತಿನ್ನೋದು ಹೆಂಗಮ್ಮಾ? ಅವ್ಳಿಗೂ ಅದೇ ಕಾಯಿಲೆ. ಕೊಟ್ಟಿದ್ದೂ ನಾನೇ."

"ಅರ್ಧ ಮಾತ್ರೆ ಇಬ್ಬರನ್ನೂ ಕಾಯಲ್ಲ ರಂಗಸಾಮಿ. ಅರೆಬರೆ ಡೋಸ್‌ಗೆ ಕ್ರಿಮಿ ಪಳಗಿಬಿಡತ್ತೆ. ಆಮೇಲೆ ಈ ಮಾತ್ರೆಗೆ ಬಗ್ಗಲ್ಲ."

"ಅದು ಬರೀ ಹಿಟ್ಟಾಗಿದ್ರೆ?" ಎಂದ ಅಣ್ಣ.

"ಹಿಟ್ಟಾಗಿದ್ರೆ ನಷ್ಟವಿಲ್ಲ," ಎಂದರು. ಪೆನ್ನು ಎತ್ತಿಕೊಳ್ಳುತ್ತಾ, "ಲಾಭವೂ ಇಲ್ಲ."

ಎಲ್ಲವನ್ನೂ ಬರೆದುಕೊಂಡರು. ಸ್ಟಡಿಯ ಕಮಿಟಿ ತೀರ್ಮಾನ ಮಾಡುವವರೆಗೆ ಮಾತ್ರೆ ನಿಲ್ಲಿಸಿದರು. ಇಬ್ಬರಿಗೂ ಎಕ್ಸ್-ರೇ ತೆಗೆಸಿದರು. ಹೊರಗೆ ಬೇವಿನ ಮರದ ಕೆಳಗೆ ನಿಂತಾಗ ಅಣ್ಣ ನನ್ನ ಕಡೆ ನೋಡಿದ.

"ಯಾಕ್ಲಾ ತೆಗ್ದೆ?"

"ನಿಜವೋ ಸುಳ್ಳೋ ನೋಡೋಣ ಅಂತ."

"ನೋಡ್ದೆಯಾ?"

"ಗೊತ್ತಾಗಲಿಲ್ಲ."

ಅವನು ನಕ್ಕ. ಕೆಮ್ಮು ಬರುವವರೆಗೆ ನಕ್ಕ. "ಅಷ್ಟು ಓದಿ? ಹೋಗ್ಲಿ ಬಿಡು. ಪೆಟ್ಟಿಗೆ ಮುಂದಿಂದು, ನಿನ್ ಪಾಲು ನೀನೇ ಎತ್ಕೊಂಡೆ."

ಮೂರು ವಾರ ಕಾದೆವು. ಅತ್ತಿಗೆ ಊಟ ಬಿಟ್ಟರು. ನಾನು ದಿಂಡಿಗಲ್ಲಿನಿಂದ ವಾರಕ್ಕೆರಡು ಸಲ ಬಂದು ಹೋದೆ. ಬಂದು ಮಾಡುವುದೇನೂ ಇರಲಿಲ್ಲ. ಎಕ್ಸ್-ರೇ ಎರಡೂ ಸ್ವಚ್ಛವಾಗಿ ಬಂದವು. ಕಮಿಟಿ ಅಣ್ಣನನ್ನು ಉಳಿಸಿಕೊಂಡಿತು. ಅತ್ತಿಗೆಯನ್ನು ಸ್ಟಡಿಯ ಹೊರಗೇ ಇಟ್ಟು, ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಬರಲು ಡಾಕ್ಟರಮ್ಮ ತಾವೇ ಒಂದು ಕಾರ್ಡ್ ಬರೆದುಕೊಟ್ಟರು. ಒಂದು ತಲೆ ಕಡಿಮೆಯಾದರೆ ಸ್ಟಡಿಗೇ ನಷ್ಟ, ಅದಕ್ಕೇ ಉಳಿಸಿಕೊಂಡರು ಎಂದು ನನ್ನ ಮನಸ್ಸು ಹೇಳಿತು. ಇರಬಹುದು. ಹಾಗಾದರೆ ಅತ್ತಿಗೆಯ ಕಾರ್ಡ್ ಯಾವ ಲೆಕ್ಕಕ್ಕೆ?

ಈಗ ಬಾಟಲಿ ಪೆಟ್ಟಿಗೆಯ ಮುಂದಿಲ್ಲ. ಅಡುಗೆಮನೆಯಲ್ಲಿ ಉಪ್ಪಿನ ಜಾಡಿಯ ಪಕ್ಕದಲ್ಲಿದೆ. ಅಲ್ಲಿರುವುದನ್ನು ಒಬ್ಬರೇ ತಿಂದರೆ ದೋಷವಿಲ್ಲವೆಂದು ಅತ್ತಿಗೆಯೇ ತೀರ್ಮಾನಿಸಿದರು. ಅಣ್ಣ ದಿನವೂ ಇಡೀ ಮಾತ್ರೆ ನುಂಗುತ್ತಾನೆ. ಅವರು ಎದುರಿಗೆ ನಿಂತು ನೋಡುತ್ತಾರೆ. ಇಬ್ಬರೂ ನಡೆದಾಡಿಕೊಂಡಿದ್ದಾರೆ. ಇದಕ್ಕಿಂತ ಹೆಚ್ಚು ಹೇಳಲು ನನಗೆ ಧೈರ್ಯವಿಲ್ಲ. ಸ್ಟಡಿ ಇನ್ನೂ ಮುಗಿದಿಲ್ಲ, ಕೋಡ್ ತೆರೆದಿಲ್ಲ.

ಕಳೆದ ತಿಂಗಳು ಬೇರೇನೋ ಹುಡುಕುವಾಗ ಲ್ಯಾಬಿನ ಗ್ಯಾಸ್ ಪುಸ್ತಕ ಕೈಗೆ ಸಿಕ್ಕಿತು. ನಮ್ಮ ಅಟೆಂಡರ್ ಮುದುಕ ಮೂವತ್ತು ವರ್ಷದಿಂದ ಅದನ್ನು ಬರೆಯುತ್ತಿದ್ದಾನೆ. ಗ್ಯಾಸ್ ಬಿಟ್ಟ ಹೊತ್ತು, ನಿಲ್ಲಿಸಿದ ಹೊತ್ತು, ಒಂದು ದಿನವೂ ಬಿಡದೆ. ಆ ಪೊಂಗಲ್ ರಜೆಯ ಪುಟ ತೆರೆದೆ, ಖಾಲಿ ಇತ್ತು. ಅವನನ್ನು ಕರೆದು ಕೇಳಿದೆ. ಭೋಗಿಯ ಹಿಂದಿನ ದಿನವೇ ಗ್ಯಾಸ್ ಪ್ಲಾಂಟ್ ಮುಚ್ಚಿ, ಸ್ಪಿರಿಟ್ ದೀಪಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಕಪಾಟಿನ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನು ಊರಿಗೆ ಹೋಗಿದ್ದ. ಹಿಂದಿರುಗಿದ್ದು ಆರನೆಯ ದಿನ. ನಾನು ಲ್ಯಾಬಿನಲ್ಲಿದ್ದ ದಿನ ಆ ಕಟ್ಟಡದಲ್ಲಿ ಉರಿ ಇರಲಿಲ್ಲ. ಬೆಳ್ಳಿ ತಣ್ಣಗೇ ಹತ್ತಿತ್ತು.